ಹಿಂದಕ್ಕೆ ತಿರುಗಿದ ರೆಕ್ಕೆ

ಕೊಯ್ಲು ಮುಗಿದಿತ್ತು, ಗಾಳಿ ಮಾತ್ರ ಬೀಸಲೊಲ್ಲದು. ಕಣಗಳಲ್ಲೆಲ್ಲ ಕಾಳು ಹೊಟ್ಟಿನ ಸಮೇತ ರಾಶಿ ಬಿದ್ದಿತ್ತು. ಬಡಗಿ ಬೆಳಗಿನಿಂದ ತನ್ನ ತೂರುವ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಹಿಡಿ ತಿರುಗಿಸಿದರೆ ನಾಲ್ಕು ರೆಕ್ಕೆ ಗಿರ್ರನೆ ಸುತ್ತಿ ಹೊಟ್ಟನ್ನೆಲ್ಲ ಮುಂದಕ್ಕೆ ಹಾರಿಸಿಬಿಡುತ್ತಿದ್ದವು. "ವಿಡಿಯೋ ಕಳಿಸು. ಚೆನ್ನಾಗಿದ್ರೆ ಇವತ್ತೇ ಗಾಡಿ ಕಳಿಸ್ತೀನಿ, ಇಲ್ಲಾಂದ್ರೆ ಪೇಟೆಯಿಂದ ತರಿಸ್ಕೋತೀನಿ" ಎಂದಿದ್ದರು ಹೊಳೆಯಾಚೆಯ ಜಮೀನುದಾರರು.

ವಿಡಿಯೋ ತೆಗೆಯಲು ಬಂದವನು ಬಡಗಿಯ ಹೆಂಡತಿಯ ತಮ್ಮ, ಮದುವೆಮನೆಗಳಲ್ಲಿ ಕ್ಯಾಮೆರಾ ಹಿಡಿಯುವವನು. ಹೋದ ತಿಂಗಳು ದಿಬ್ಬಣವನ್ನು ಮೇಲಿನಿಂದ ತೋರಿಸುತ್ತೇನೆಂದು ಭಾವನ ಏಣಿ ಒಯ್ದು, ಎರಡು ತುಂಡು ಮಾಡಿ ತಂದಿಟ್ಟಿದ್ದ. ಆ ಋಣ ತೀರಿಸಲು ಈ ಕೆಲಸ.

ಯಂತ್ರದ ಹಿಂದೆ ನಿಂತು ಅವನು ಹೇಳಿದ, "ಭಾವ, ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮ್ ಇಡ್ತೀನಿ. ಅಂದ್ರೆ ಅಷ್ಟು ಚಿತ್ರ. ಥೇಟ್ ಸಿನಿಮಾ! ಅರವತ್ತು ಇಟ್ರೆ ಟೀವಿ ವಾರ್ತೆ ಥರ ಆಗುತ್ತೆ."

"ಅರವತ್ತು ಬರೋ ಕಡೆ ಇಪ್ಪತ್ನಾಲ್ಕೇ ಕೊಡ್ತಾನಂತೆ! ಇವನ ಕೈ ಮೊದಲಿಂದಲೂ ಬಿಗಿ," ಎಂದಳು ಬಾಗಿಲಲ್ಲಿದ್ದ ಅಕ್ಕ.

ಆದರೆ ಬಡಗಿಗೆ ಸಿನಿಮಾ ಎಂಬ ಮಾತು ನಾಟಿತ್ತು. ಅವನು ಒಳಗೆ ಹೋಗಿ ತಲೆ ಬಾಚಿಕೊಂಡು ಬಂದ.

ವಿಡಿಯೋ ಹೋದ ಸ್ವಲ್ಪ ಹೊತ್ತಿಗೇ ಜಮೀನುದಾರರ ಫೋನು. "ಏನಯ್ಯಾ, ಮದುಮಗನ ಹಾಗೆ ನಿಂತಿದೀಯ, ಸರಿ. ರೆಕ್ಕೆ ಯಾಕೆ ಹಿಂದಕ್ಕೆ ತಿರುಗ್ತಿದೆ?"

ವಿಡಿಯೋ ನೋಡಿದರೆ ಹೌದು! ರೆಕ್ಕೆಗಳು ಊಟವಾದ ಮೇಲೆ ಅಡ್ಡಾಡುವವರಂತೆ ನಿಧಾನವಾಗಿ ಹಿಂದಕ್ಕೆ ಹೋಗುತ್ತಿದ್ದವು. ಯಂತ್ರ ಮಾಡಿದವನಿಗೇ ತನ್ನ ಕೈಮೇಲೆ ಅನುಮಾನ ಬಂತು. ತಾಸುಗಟ್ಟಲೆ ಗೇರುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು.

"ಹಂಗಾದ್ರೆ ಹಿಡೀನ ಉಲ್ಟಾ ತಿರುಗಿಸ್ತೀನಿ ಕಣೋ. ವಿಡಿಯೋದಲ್ಲಿ ಸರಿಯಾಗುತ್ತೆ."

"ಭಾವ, ಏನು ತಲೆ ನಿಮ್ದು! ಸಿನಿಮಾ ಕಳೆನೂ ಕೆಡೋದಿಲ್ಲ."

ಬಡಗಿ ಉಲ್ಟಾ ತಿರುಗಿಸಿದ. ಹೊಟ್ಟೆಲ್ಲ ಹಿಂದಕ್ಕೆ ಎದ್ದು ಬಾಮೈದನ ಬಾಯಿ, ಮೂಗು, ಕ್ಯಾಮೆರಾ ಎಲ್ಲವನ್ನೂ ತುಂಬಿತು. ಅಕ್ಕ ನಕ್ಕು ನಕ್ಕು ಹೊಸ್ತಿಲ ಮೇಲೇ ಕೂತುಬಿಟ್ಟಳು.

"ಅರವತ್ತಕ್ಕೆ ಹಾಕೋ, ಪುಣ್ಯಾತ್ಮ!" ಎಂದು ಅಲ್ಲಿಂದಲೇ ಕೂಗಿದಳು.

ಅವನು ಹೊಟ್ಟು ಉಗುಳುತ್ತ ಒಪ್ಪಿಕೊಂಡ. "ಇಪ್ಪತ್ನಾಲ್ಕರಲ್ಲಿ ಎರಡು ಚಿತ್ರದ ಮಧ್ಯೆ ರೆಕ್ಕೆ ತುಂಬ ದೂರ ಹೋಗುತ್ತೆ ಅಕ್ಕ. ಮುಂದಿನ ರೆಕ್ಕೆ ಇದ್ದ ಜಾಗಕ್ಕಿಂತ ಚೂರು ಹಿಂದೆಯೇ ಚಿತ್ರದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಆ ರೆಕ್ಕೆನೇ ಕಣ್ಣಿಗೆ ಹಿಂದೆ ಸರಿದಂಗೆ ಕಾಣುತ್ತೆ."

"ಇದು ಮೊದಲೇ ಗೊತ್ತಿತ್ತಾ?" ಬಡಗಿ ಕೇಳಿದ.

"ಗೊತ್ತಿತ್ತು ಭಾವ. ಆದ್ರೆ ಸಿನಿಮಾ ಅಂದಾಗ ನಿಮ್ಮ ಮುಖ ನೀವೇ ನೋಡಬೇಕಿತ್ತು."

ಅರವತ್ತರಲ್ಲಿ ರೆಕ್ಕೆ ನೆಟ್ಟಗೆ ಮುಂದಕ್ಕೆ ತಿರುಗಿತು. ಜೊತೆಗೆ ಬಡಗಿಯ ಅಂಗಿಯ ತೇಪೆ, ತಲೆಯಲ್ಲಿ ಸಿಕ್ಕ ಹೊಟ್ಟು, ಹಿಂದೆ ಒಣಹಾಕಿದ ಲಂಗ, ಎಲ್ಲವೂ ವಾರ್ತೆಯಷ್ಟೇ ಸ್ಪಷ್ಟವಾಗಿ ಕಂಡವು.

"ಈಗ ಸರಿಹೋಯ್ತು, ಗಾಡಿ ಹೊರಟಿದೆ," ಎಂದರು ಜಮೀನುದಾರರು. ಮತ್ತೆ ನಗುತ್ತ ಕೆಣಕಿದರು, "ಅಂದ ಹಾಗೆ, ಮೊದಲ ವಿಡಿಯೋದಲ್ಲಿ ಲಕ್ಷಣವಾಗಿದ್ದವನು ಯಾರು, ನಿನ್ನ ತಮ್ಮನಾ?"

ಗಾಡಿ ಬಂತು. ಯಂತ್ರ ಏರಿತು. ಮೇಲೆ ಹಗ್ಗ ಬಿಗಿಯಬೇಕು, ಏಣಿ ನೋಡಿದರೆ ಎರಡು ತುಂಡು. ಬಡಗಿ ಬಾಮೈದನ ಹೆಗಲ ಮೇಲೆ ಕಾಲಿಟ್ಟು ಹತ್ತಿದ.

"ಭಾವ, ಏಣಿ ಲೆಕ್ಕ ಚುಕ್ತಾ ಆಯ್ತಲ್ಲ?" ಕೆಳಗಿನಿಂದ ಮುಲುಗುವ ದನಿ ಬಂತು.

"ಆಗ್ತಾ ಇದೆ. ಅಲ್ಲಾಡಬೇಡ."