ತೋಳಗಳು ಹೊಳೆ ದಾಟುವುದಿಲ್ಲ

ಪ್ರೆಸ್ಸಿನ ಬೈಂಡಿಂಗ್ ಅಕ್ಕ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿ, "ನಿಮ್ಮ ಆಟ ಮೂರೇ ಸರದಿಗೆ ಮುಗಿದುಹೋಯ್ತಲ್ಲಮ್ಮ, ತೋಳಗಳನ್ನ ಹೊಳೆ ದಾಟಿಸಿದೆ ಅಷ್ಟೆ" ಎಂದಳು. ಹಾಳೆ ಮಡಿಸುವುದು ಬಿಟ್ಟು ಆಡಲು ನಿಮಗೆ ಹೇಳಿದವರು ಯಾರು ಎಂದು ಅವಳ ಮೇಲೆಯೇ ರೇಗಿದೆ. ನನ್ನ ಬುದ್ಧಿಯೇ ಅಷ್ಟು. ಹೆದರಿದರೆ ಮೊದಲು ಬಾಯಿ ಜೋರಾಗುತ್ತದೆ.

ಅಚ್ಚಿಗೆ ಕೊಟ್ಟಿದ್ದ ಆ ಹಲಗೆಯಾಟ ನನ್ನ ಅಣ್ಣನದು. ಸರ್ವೆ ಕೆಲಸದಲ್ಲಿದ್ದವನು, ಹನ್ನೊಂದು ವರ್ಷದ ಹಿಂದೆ ಅಳತೆಗೆಂದು ಗುಡ್ಡ ಹತ್ತಿ ಜಾರಿಬಿದ್ದ. ಸೊಂಟದ ಕೆಳಗೆ ಬಲ ಹೋಯಿತು. ಆರು ತಿಂಗಳು ಗೋಡೆಗೆ ಮುಖಮಾಡಿ ಮಲಗಿದ್ದ. ಊಟ ಬೇಡ, ಮಾತು ಬೇಡ. ಒಂದು ದಿನ ಅದೇನು ತೋಚಿತೋ, ಪೆನ್ಸಿಲ್ ಕೇಳಿದ. ಇಲ್ಲದ ದೇಶವೊಂದರ ನಕ್ಷೆ ಬರೆದ. ನಡುವೆ ಹೊಳೆ, ಈ ದಡಕ್ಕೆ ಬಿಳಿಕೋಟೆ, ಆ ದಡಕ್ಕೆ ತೋಳಗಳನ್ನೇರಿ ಬರುವ ಇರುಳುಪಡೆ. ಆರು ಮೂಲೆಯ ಒಂಬೈನೂರು ಮನೆ, ಇನ್ನೂರು ಕಾಯಿ, ಸರದಿಗೊಂದು ಋತು, ಮಾಟಗಾತಿಯರಿಗೆ ಬೇರೆಯೇ ದಾಳ. ಕೋಟೆ ಅವನದು, ಇರುಳುಪಡೆ ನನ್ನದು. ನಾನು ದರ್ಜಿ. ಬೆಳಗಿನಿಂದ ಕಾಲರ್ ಹೊಲಿದು ಸಂಜೆ ಸೈನ್ಯ ನಡೆಸುತ್ತಿದ್ದೆ.

ಮೊದಲ ಆಟದಲ್ಲೇ ಹಿಮಗಾಲ ಬಂದು ಹೊಳೆ ಹೆಪ್ಪುಗಟ್ಟಿತು. ತೋಳಗಳು ದಾಟಿಹೋಗಿ ಕೋಟೆಯ ಹಿಂಬಾಗಿಲು ಹಿಡಿದರೆ ಕಥೆ ಮುಗಿಯಿತು. ಅದು ನನಗೆ ಹಾಡಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ಕಾಯಿ ಎತ್ತಿದವಳು ಅಣ್ಣನ ಮುಖ ನೋಡಿದೆ. ಆರು ತಿಂಗಳ ಮೇಲೆ ಅಲ್ಲಿ ಸ್ವಲ್ಪ ಕಳೆ ಬಂದಿತ್ತು. "ನನ್ನ ತೋಳಗಳಿಗೆ ಮಂಜುಗಡ್ಡೆ ಅಂದ್ರೆ ಭಯಾಪ್ಪ, ಅವು ದಾಟಲ್ಲ" ಎಂದು ಕಾಯಿಯನ್ನು ಇದ್ದಲ್ಲಿಗೇ ಇಟ್ಟೆ. "ಅಂಜುಬುರುಕಿಯ ತೋಳಗಳು!" ಎಂದು ಅವನು ನಕ್ಕ. ಗೆದ್ದ. ಮಾರನೆಯ ದಿನ ಎದ್ದು ಕೂತು ಊಟ ಮಾಡಿದ.

ಅಂದಿನಿಂದ ತೋಳಗಳು ಹೊಳೆ ದಾಟಲೇ ಇಲ್ಲ. ಅಣ್ಣ ಅದನ್ನು ನನ್ನ ಹುಚ್ಚು ಎಂದುಕೊಂಡ. ನನಗೋ, ಅದು ಉಸಿರಾಟದಷ್ಟು ರೂಢಿಯಾಗಿ, ಅರವತ್ತನಾಲ್ಕು ಪುಟದ ನಿಯಮಗಳಲ್ಲಿ ಅದಿಲ್ಲ ಎಂಬುದೇ ಹೊಳೆಯಲಿಲ್ಲ. ಮೂರನೆಯವರು ಆಡಿ ನೋಡಲಿ ಎಂದರೆ ಅಣ್ಣ ಒಪ್ಪುತ್ತಿರಲಿಲ್ಲ, ಅಚ್ಚಾಗುವ ತನಕ ಯಾರ ಕಣ್ಣಿಗೂ ಬೀಳಬಾರದಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಪ್ರೆಸ್ಸಿಗೆ ಓಡಿದೆ. ನಿಯಮಗಳ ಕೊನೆಯ ಹದಿನಾರು ಪುಟದ ಫಾರಂ ಒಂದು ಗಂಟೆಗೆ ಮಷೀನಿಗೆ ಹೋಗುವುದರಲ್ಲಿತ್ತು.

"ಒಂದು ಸಾಲು ತಾನೇ, ಸೇರಿಸೋಣ," ಎಂದರು ಮಾಲೀಕರು. "ಆದ್ರೆ ನಿಮ್ಮಣ್ಣನ ಸಹಿ ಬೇಕು."

ಹಾಳೆ ಹಿಡಿದು ಹೊರಗೆ ಹೋಗಿ, ಬಾಗಿಲ ಮರೆಯಲ್ಲಿ ನಾನೇ ಸಹಿ ಗೀಚಿ ತಂದುಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. "ಐದು ನಿಮಿಷದಲ್ಲಿ ಮನೆಗೆ ಹೋಗಿ ಬಂದ್ರಾ? ನನ್ನ ಕಿವಿಗೇ ಹೂವಾ ತಾಯಿ?" ಎಂದು ಬೇರೆ ಹಾಳೆ ಕೊಟ್ಟರು.

ದಾರಿಯುದ್ದಕ್ಕೂ ದೇವರೇ, ಅಣ್ಣನಿಗೆ ತಿಳಿಯದಿರಲಿ ಎಂದು ಬೇಡಿಕೊಂಡೆ. ಗೆಲ್ಲುತ್ತೇನೆ ಎಂಬ ನಂಬಿಕೆಯೊಂದೇ ಅವನನ್ನು ಗೋಡೆಯ ಕಡೆಯಿಂದ ಈ ಕಡೆ ತಿರುಗಿಸಿದ್ದು. ಅದು ಹೋದರೆ ಅವನೇ ಹೋದ ಹಾಗೆ.

ಅಣ್ಣ ಗಾಲಿಕುರ್ಚಿಯಲ್ಲಿ ಕೂತು ಹಾಳೆ ಓದಿದ. "ಹಿಮಗಾಲದಲ್ಲಿ ತೋಳಗಳು ಹೊಳೆ ದಾಟುವಂತಿಲ್ಲ. ಇದೇನೇ ಹೊಸದು? ದಾಟಿದ್ರೆ ಏನಾಗತ್ತೆ?"

"ಏನಾಗತ್ತೆ, ಮಣ್ಣು! ಸುಮ್ನೆ ಚೆಂದಕ್ಕೆ. ಸಹಿ ಹಾಕು, ಹೊತ್ತಾಯ್ತು."

"ಚೆಂದಕ್ಕೆ ಇಷ್ಟು ಬೆವರಾ? ಹಲಗೆ ಹಾಸು."

"ಅಣ್ಣಾ, ಬೇಡ."

"ಹಾಸು ಅಂದೆ."

ಹಾಸಿದೆ. ಬೇಕೆಂದೇ ತಪ್ಪು ನಡೆಸಹೋದರೆ ನನ್ನ ಮಣಿಕಟ್ಟು ಹಿಡಿದು, "ನೆಟ್ಟಗೆ ಆಡು" ಎಂದ. ಮೂರನೇ ಸರದಿಗೆ ಕೋಟೆ ಬಿತ್ತು. ಮತ್ತೆ ಜೋಡಿಸಿದ. ಬಿಲ್ಲಾಳುಗಳನ್ನು ಹಿಂಬಾಗಿಲಿಗೆ ತಂದ, ಮುಂಬಾಗಿಲು ಹೋಯಿತು. ಇನ್ನೊಮ್ಮೆ ಜೋಡಿಸಿ ಮಾಟಗಾತಿಯರನ್ನೆಲ್ಲ ಹೊಳೆಯಂಚಿಗೆ ಸುರಿದ. ಆಗಲೂ ಬಿತ್ತು.

"ಮೊದಲನೇ ದಿನಾನೇ ಕಂಡಿತ್ತಾ ನಿಂಗೆ?"

ನನಗೆ ಅಳು ತಡೆಯಲಾಗಲಿಲ್ಲ. "ಕಂಡಿತ್ತು."

"ಹನ್ನೊಂದು ವರ್ಷ."

"ನೀನು ಎದ್ದು ಕೂತ್ಯಲ್ಲಣ್ಣ. ನಂಗೆ ಅಷ್ಟೇ ಬೇಕಾಗಿದ್ದು. ಬೈಯಿ, ಹೊಡಿ, ಏನಾದ್ರೂ ಮಾಡು."

ಅವನು ಬೈಯಲಿಲ್ಲ. ಹಾಳೆ ಎಳೆದುಕೊಂಡು ಸಹಿ ಹಾಕಿದ. ಆಮೇಲೆ ಕಿಟಕಿಯ ಬಳಿ ಗೋಡೆಗೆ ಬಡಿದಿದ್ದ ಎರಡು ಕಬ್ಬಿಣದ ಪೈಪುಗಳ ಕಡೆ ನೋಡಿದ. ಡಾಕ್ಟರು ಹೇಳಿದ್ದಾರೆಂದು ದಿನಾ ಹನ್ನೆರಡಕ್ಕೆ ಅವನ್ನು ಹಿಡಿದು, ಹಲ್ಲು ಕಚ್ಚಿ, ನೂರು ಎಣಿಸುವ ತನಕ ನಿಲ್ಲುವುದು ಅವನ ಅಭ್ಯಾಸ.

"ಆ ಡಾಕ್ಟ್ರು ನಿನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದ್ರು ಅಂದ್ಯಲ್ಲ, ಬಿಡದೆ ನಿಲ್ಲಿಸಿದ್ರೆ ಒಂದಲ್ಲ ಒಂದು ದಿನ ನಡೀತಾನೆ ಅಂತ. ಅದೂ ಹಿಂಗೇನಾ?"

"ಇಲ್ಲಣ್ಣ! ಅಮ್ಮನಾಣೆಗೂ ಅವರೇ ಹೇಳಿದ್ದು!"

ಅವರೇ ಹೇಳಿದ್ದು. ಅದರಲ್ಲಿ ನನ್ನದು ಒಂದಕ್ಷರವೂ ಇಲ್ಲ. ಆದರೆ ಆ ಡಾಕ್ಟರು ತೀರಿಕೊಂಡು ನಾಲ್ಕು ವರ್ಷವಾಯಿತು, ಕೇಳಿಸಿಕೊಂಡವಳು ನಾನೊಬ್ಬಳೇ.

"ಆಯ್ತು ಬಿಡು," ಎಂದ ಅಣ್ಣ, ಮಗುವಿನ ತಲೆ ಸವರುವಂತೆ ನನ್ನ ತಲೆ ಸವರಿ. ಹನ್ನೆರಡಾಯಿತು. ಹನ್ನೆರಡೂಕಾಲು. ಕುರ್ಚಿಯನ್ನು ಪೈಪಿನ ಹತ್ತಿರ ತಳ್ಳಿಕೊಂಡು ಹೋದೆ, ಅವನ ಕೈಗಳನ್ನು ಎತ್ತಿ ಕಬ್ಬಿಣದ ಮೇಲಿಟ್ಟೆ, ಹಿಡ್ಕೋ ಅಣ್ಣ ಹಿಡ್ಕೋ ಎಂದು ಕಿರುಚಿದೆ, ಕಾಲಿಗೆ ಬಿದ್ದೆ. ಆ ಕೈಗಳು ಜಾರಿ ಮತ್ತೆ ಅವನ ಮಡಿಲಿಗೇ ಬಂದವು.

"ಹೋಗು," ಎಂದ, "ಅವರ ಮಷೀನ್ ಕಾಯ್ತಿರತ್ತೆ."