ಒಡೆಯಬೇಕಾದ ಗಾಜು

ಗೋಡೆಯ ಕೆಳಗಿನ ಬೀದಿಗೆ ವಿಶ್ವವಿದ್ಯಾಲಯದವರು ಬಂದರೆಂದರೆ ಎಲ್ಲರಿಗೂ ಸಡಗರ. ಫೋಟೊಗಳಿಗೆ ಕಟ್ಟು ಹಾಕುವವನು ಅಂಗಡಿಯ ಮುಂದಿನ ಬೆಂಚು ಒರೆಸುತ್ತಾನೆ, ಅವನ ತಾಯಿ ಚಹಾಕ್ಕೆ ನೀರಿಡಲು ಕೂಗುತ್ತಾಳೆ. ಆ ದಿನವೂ ಹಾಗೇ ಆಯಿತು. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಮಣ್ಣಮ್ಮ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಕೊಚ್ಚೆ ದಾಟುತ್ತ ಬಂದಳು.

ಮಣ್ಣಮ್ಮ ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. ಎಂಜಿನಿಯರಿಂಗ್ ವಿಭಾಗದಲ್ಲಿ ಆಕೆ ಪಾಠ ಮಾಡುವುದು ಮಣ್ಣಿನ ವಿಷಯ, ಚಪ್ಪಲಿಗೆ ಸದಾ ಮೆತ್ತಿರುವುದೂ ಮಣ್ಣು. ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ ಹೆಸರು ಈಗ ಬೀದಿಯವರ ಬಾಯಲ್ಲೂ ಸಲೀಸಾಗಿತ್ತು. ಆಕೆಗೂ ಅದರಲ್ಲಿ ಒಳಗೊಳಗೇ ಖುಷಿ.

ಬೀದಿಯ ಮನೆಗಳ ಬೆನ್ನಿಗೇ ವಿಶ್ವವಿದ್ಯಾಲಯದ ಎತ್ತರದ ಕಲ್ಲಿನ ಗೋಡೆ. ಅದರಾಚೆ ಗುಡ್ಡ, ಗುಡ್ಡದ ಮೇಲೆ ಹೊಸ ಸಭಾಭವನ. ಭವನದ ಪಾಯ ತೋಡಿದ ಮಣ್ಣನ್ನೆಲ್ಲ ಗೋಡೆಯ ಹಿಂದೆಯೇ ಸುರಿದು, ಮೇಲೆ ಹುಲ್ಲು ಬೆಳೆಸಿದ್ದರು. ಸ್ವಲ್ಪ ದಿನಕ್ಕೆ ಗೋಡೆ ಬಿರುಕುಬಿಟ್ಟಿತು. ಆಗ ‘ನೆರೆಹೊರೆ’ ಎಂಬ ಯೋಜನೆ ಹುಟ್ಟಿತು. ಮಣ್ಣಮ್ಮನ ತಂಡ ಬಂದು ಬಿರುಕಿಗೆ ಅಡ್ಡವಾಗಿ ಅಲ್ಲಲ್ಲಿ ತೆಳು ಗಾಜಿನ ಪಟ್ಟಿ ಅಂಟಿಸಿತು. ಗೋಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಗೋಡೆ ಅಲುಗಿಲ್ಲವೆಂದು ಅರ್ಥ. ಫೋಟೊ ತೆಗೆಸಿಕೊಂಡರು, ಪತ್ರಿಕೆಯಲ್ಲೂ ಬಂತು. ಅಂದಿನಿಂದ ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ಪ್ರತಿ ಸಲವೂ ಗಾಜುಗಳೆಲ್ಲ ನೆಟ್ಟಗಿದ್ದವು.

“ಬಾ ತಾಯಿ, ಕೂತ್ಕೋ,” ಅಂದಳು ಕಟ್ಟು ಹಾಕುವವನ ತಾಯಿ, ಚಹಾದ ಲೋಟ ಕೊಡುತ್ತ. “ನಿನ್ನ ಕೈಗುಣ ದೊಡ್ಡದು ಕಣಮ್ಮ. ಮಳೆಗಾಲ ಬಂತೂಂದ್ರೆ ಈ ಗೋಡೆ ಬುಡದ ತೂತುಗಳಲ್ಲಿ ಬುಳುಬುಳು ಅಂತ ನೀರು ಸುರೀತಿತ್ತು. ಹಿತ್ತಿಲೆಲ್ಲ ಕೆಸರು. ಈ ಸಲ ನೋಡು, ಒಂದು ಹನಿ ಇಲ್ಲ!”

ಮಣ್ಣಮ್ಮನ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗಲಿಲ್ಲ. ವಾರದಿಂದ ಬಿಟ್ಟೂಬಿಡದೆ ಮಳೆ. ಗುಡ್ಡ ಕುಡಿದ ನೀರು ಹೊರಗೆ ಬರಲೆಂದೇ ಬಿಟ್ಟ ತೂತುಗಳು ಒಣಗಿವೆಯೆಂದರೆ, ಆ ನೀರು ಎಲ್ಲಿ ಹೋಯಿತು? ಗೋಡೆಯ ಹಿಂದೆಯೇ ನಿಂತಿದೆ. ಸುರಿದ ಮಣ್ಣು ತೂತುಗಳನ್ನು ಮುಚ್ಚಿದೆ.

ಲೋಟ ಇಟ್ಟವಳೇ ಹಿತ್ತಿಲಿಗೆ ನಡೆದಳು. ಹಿಂದಿನ ಕೋಣೆಯಲ್ಲಿ ಕಟ್ಟು ಹಾಕುವವನ ಮಗಳು ಎಳೆಗೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ಹಿತ್ತಿಲ ಬಾಗಿಲನ್ನು ಎಷ್ಟು ತಳ್ಳಿದರೂ ತೆರೆಯದು.

“ಜೋರಾಗಿ ಒದೀಬೇಕು ಮೇಡಂ,” ಅಂದ ಕಟ್ಟು ಹಾಕುವವನು, ನಗುತ್ತ. “ಎರಡು ಸಲ ಕೆಳಗಡೆ ಹೆರೆದಿದೀನಿ. ಮತ್ತೆ ಹಿಡ್ಕೊಳತ್ತೆ. ಮಳೆಗೆ ಮರ ಊದ್ಕೊಂಡಿದೆ.”

ಊದಿಕೊಂಡದ್ದು ಮರವಲ್ಲ ಎಂದು ಮಣ್ಣಮ್ಮನಿಗೆ ಹೊರಗೆ ಕಾಲಿಟ್ಟಾಗಲೇ ಗೊತ್ತಾಯಿತು. ಗೋಡೆಯ ಹೊಟ್ಟೆ ಮುಂದೆ ಬಂದು, ಹಿತ್ತಿಲ ನೆಲವನ್ನೂ ಮೇಲಕ್ಕೆ ಒತ್ತಿತ್ತು. ಅಷ್ಟಿದ್ದೂ ಗಾಜು ಮಾತ್ರ ನೆಟ್ಟಗಿದೆ! ಆಕೆ ಹತ್ತಿರ ಹೋಗಿ ಬೆರಳಾಡಿಸಿದಳು. ಗೋಡೆಯ ತುಂಬ ಪಾಚಿ, ಹೊಗೆಯ ಮಸಿ. ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು.

“ಇದು ನಾವು ಹಾಕಿದ್ದಲ್ಲ,” ಅಂದಳು. “ಯಾರು ಹಾಕಿದ್ದು?”

“ನಾನೇ ಮೇಡಂ. ಹಳೇದು ಒಡೆದುಹೋಗಿತ್ತು, ಹುಡುಗರ ಚೆಂಡು ಬಿದ್ದಿರಬೇಕು. ನೀವು ಅಷ್ಟು ಕಷ್ಟಪಟ್ಟು ಹಾಕಿದ್ದು, ಬಂದಾಗ ನೋಡಿ ಬೇಜಾರಾಗಬಾರದಲ್ಲ? ನಮ್ಮಲ್ಲಿ ತುಂಡು ಗಾಜಿಗೇನು ಬರ. ಒಡೆದಾಗೆಲ್ಲ ಹಾಕ್ತಾನೇ ಇದೀನಿ.”

“ಒಡೆದಾಗೆಲ್ಲ?”

“ಹೂಂ. ಈ ವಾರವಂತೂ ದಿನಾ. ಈ ಹುಡುಗರಿಗೆ ಬುದ್ಧಿ ಹೇಳಿ ಸಾಕಾಯ್ತು.”

ಮಣ್ಣಮ್ಮ ಅವನತ್ತ ತಿರುಗಿದಳು. “ಈ ಗಾಜು ಯಾಕೆ ಅಂದ್ಕೊಂಡಿದೀರಿ ನೀವು?”

“ಗೋಡೆ ಹಿಡ್ಕೊಳ್ಳೋಕೆ. ಅಲ್ವಾ?” ಅವನ ನಗು ಅರ್ಧಕ್ಕೆ ನಿಂತಿತು. “ಅವತ್ತು ನಮ್ಮಮ್ಮ ಕೇಳಿದಾಗ ನೀವೇ ಅಂದ್ರಲ್ಲ, ‘ಚಿಂತೆ ಬಿಡಿ, ಇನ್ನು ನಾವಿದ್ದೀವಲ್ಲ’ ಅಂತ. ಆ ಧೈರ್ಯದ ಮೇಲೇ ಮಗಳನ್ನ ಬಾಣಂತನಕ್ಕೆ ಕರೆಸಿಕೊಂಡಿದ್ದು.”

ಹೌದು, ಅಂದಿದ್ದಳು. ಫೋಟೊದವರು ಅವಸರ ಮಾಡುತ್ತಿದ್ದರು. ಮುದುಕಿಗೆ ಬಿಡಿಸಿ ಹೇಳುತ್ತ ಕೂರಲು ಯಾರಿಗೆ ಪುರುಸೊತ್ತು? ಒಂದು ಮಾತು ಎಸೆದು ಹೋಗಿದ್ದಳು. ಆ ಮಾತನ್ನು ನಂಬಿ ಬೀದಿಗೆ ಬೀದಿಯೇ ಗೋಡೆಯ ಕೆಳಗೆ ನಿಶ್ಚಿಂತೆಯಾಗಿ ಮಲಗುತ್ತಿತ್ತು.

ಮಣ್ಣಮ್ಮ ನೇರ ವಿಶ್ವವಿದ್ಯಾಲಯಕ್ಕೆ ಓಡಿದಳು. ವಿಭಾಗದ ಮುಖ್ಯಸ್ಥರು ಆಕೆಯ ಮಾತನ್ನೆಲ್ಲ ತಾಳ್ಮೆಯಿಂದಲೇ ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ, ಮೈಯೆಲ್ಲ ಎಚ್ಚರಿಕೆ, ಅಷ್ಟೆ.

“ಸೋಮವಾರ ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡೋ ಪರಿಶೀಲನಾ ಸಮಿತಿ ಬರ್ತಿದೆ. ಅವರಿಗೆ ಮೊದಲು ತೋರಿಸೋದೇ ನಿಮ್ಮ ನೆರೆಹೊರೆ ಯೋಜನೆ,” ಅಂದರು. “ಇವತ್ತು ನಾವೇ ಹೋಗಿ ‘ಗೋಡೆ ಬೀಳತ್ತೆ, ಏಳಿ’ ಅಂದ್ರೆ ನಮ್ಮ ಕೈಯಿಂದ ನಮ್ಮ ಕಣ್ಣಿಗೇ ಮಣ್ಣು.”

“ಮಣ್ಣು ಬೀಳೋದು ಅವರ ಮೇಲೆ ಸಾರ್.”

“ಬೀಳದೇ ಇದ್ರೆ? ಅದನ್ನೂ ಯೋಚನೆ ಮಾಡಿ. ಅಷ್ಟು ಜನರನ್ನ ಹೆದರಿಸಿ ಎಬ್ಬಿಸಿ, ಏನೂ ಆಗಲಿಲ್ಲ ಅಂದ್ರೆ, ಇನ್ನೊಂದು ಸಲ ವಿಶ್ವವಿದ್ಯಾಲಯದ ಮಾತನ್ನ ಯಾರು ನಂಬ್ತಾರೆ? ಸೋಮವಾರ ಮುಗೀಲಿ. ಮಂಗಳವಾರ ನಾನೇ ಮೇಲಿನವರ ಹತ್ರ ಮಾತಾಡ್ತೀನಿ.”

“ಗೋಡೆಗೆ ಸೋಮವಾರ ಮಂಗಳವಾರ ಗೊತ್ತಾ ಸಾರ್?”

ಕಿಟಕಿಯಾಚೆ ಮತ್ತೆ ಮಳೆ ಹನಿಯತೊಡಗಿತ್ತು. ಮಣ್ಣಮ್ಮ ಬಾಗಿಲ ತನಕ ಹೋಗಿ ತಿರುಗಿ ನಿಂತು, “ನಕ್ಷೆ ಕೋಣೆ ಖಾಲಿ ಇದೆ. ಗುಡ್ಡದಿಂದ ದೂರ ಇರೋದು ಅದೊಂದೇ. ಬೀಗದ ಕೈ ನಿಮ್ಮ ಹತ್ರ ಇದೆ,” ಎಂದಷ್ಟೇ ಹೇಳಿ ಹೊರಟಳು.

ಬೀದಿಯಲ್ಲಿ ಆಕೆಯ ಮಾತನ್ನು ಯಾರೂ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ?

“ನಿನ್ನೆ ತನಕ ಗಟ್ಟಿ ಅಂದ್ರಿ, ಇವತ್ತು ಬೀಳತ್ತೆ ಅಂತೀರಿ,” ಅಂದಳು ಇಸ್ತ್ರಿ ಅಂಗಡಿಯವಳು, ಸೊಂಟದ ಮೇಲೆ ಕೈಯಿಟ್ಟು. “ನಮ್ಮನ್ನ ಎಬ್ಬಿಸಿ ಜಾಗ ನುಂಗೋ ಉಪಾಯ ಇರಬೇಕು. ಓದಿದವರ ನಾಲಿಗೆಗೆ ಎಲುಬಿಲ್ಲ!”

ಮಣ್ಣಮ್ಮನಿಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಕಟ್ಟು ಹಾಕುವವನ ಕಡೆ ತಿರುಗಿ, “ಅಣ್ಣ, ಇನ್ನೊಂದು ಗಾಜು ಹಾಕ್ತೀರಾ? ಎಲ್ಲರೂ ನೋಡೋ ಹಾಗೆ,” ಅಂದಳು.

ಅವನು ಗಾಜು ಕೊಯ್ದ, ಗಾರೆ ಕಲಸಿ ಬಿರುಕಿನ ಮೇಲೆ ಅಂಟಿಸಿದ. ಮಣ್ಣಮ್ಮ ಮಕ್ಕಳನ್ನೂ ಚೆಂಡನ್ನೂ ಬೀದಿಯ ಆ ತುದಿಗೆ ಕಳಿಸಿದಳು. ಆಮೇಲೆ ಅಂದು ಹೇಳದೆ ಉಳಿದದ್ದನ್ನು ಹೇಳಿದಳು.

“ಇದು ಔಷಧಿ ಅಲ್ಲ. ಜ್ವರ ನೋಡೋ ಕಡ್ಡಿ. ಗೋಡೆ ಅಲುಗಿದ್ರೆ ಇದು ಒಡೆಯತ್ತೆ. ಒಡೀಲಿ ಅಂತಲೇ ಹಾಕೋದು. ಇದನ್ನ ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಮ್ಮದು.”

ಜನ ಹಿತ್ತಿಲಲ್ಲಿ ಗುಂಪಾಗಿ ನಿಂತರು. ಗಾರೆ ಬಿಗಿದುಕೊಂಡಿತು. ಯಾರೋ ಆಕಳಿಸಿದರು. “ನೋಡಿ, ಏನೂ ಆಗಲಿಲ್ಲ,” ಎಂದು ಇಸ್ತ್ರಿಯವಳು ಹೊರಡಲು ಸೆರಗು ಸಿಕ್ಕಿಸಿಕೊಂಡಳು. ಹಾಗೆಯೇ ನಿಂತಿದ್ದ ಕೆಲವರು ಮಾತ್ರ ಮಳೆ ಜೋರಾದರೂ ಕದಲಲಿಲ್ಲ.

ಟಿಕ್.

ಸಣ್ಣ ಸದ್ದು, ಆದರೆ ಎಲ್ಲರಿಗೂ ಕೇಳಿಸಿತು. ಗಾಜಿನ ನಡುವೆ ಒಂದು ಗೆರೆ. ಯಾರೂ ಮುಟ್ಟಿರಲಿಲ್ಲ.

ಕಟ್ಟು ಹಾಕುವವನ ಮುಖ ಬಿಳಿಚಿಕೊಂಡಿತು. ದಿನಾ ಬೆಳಿಗ್ಗೆ ತಾನು ಆರಿಸಿ ಎಸೆದ ಚೂರುಗಳೆಲ್ಲ ಅವನ ಕಣ್ಣಿಗೆ ಬಂದಿರಬೇಕು. “ಮಗೂನ ಎತ್ಕೊಳೇ,” ಎಂದು ಮಗಳನ್ನು ಕೂಗುತ್ತ ಒಳಗೆ ಓಡಿದ.

ಆಮೇಲೆ ಯಾರಿಗೂ ಯಾರೂ ಹೇಳಬೇಕಾಗಲಿಲ್ಲ. ವಿದ್ಯಾರ್ಥಿಗಳು ಮುದುಕರನ್ನು, ಹಾಸಿಗೆಗಳನ್ನು, ಇಸ್ತ್ರಿಯವಳ ಬಟ್ಟೆಗಂಟುಗಳನ್ನು ಹೊತ್ತರು. ಬೀದಿಯ ಕೊನೆಯಲ್ಲಿದ್ದ ವಿಶ್ವವಿದ್ಯಾಲಯದ ಚಿಕ್ಕ ಗೇಟು ತುಕ್ಕು ಹಿಡಿದು ಯಾವತ್ತೂ ಮುಚ್ಚಿಯೇ ಇರುತ್ತಿತ್ತು. ಇವತ್ತು ಅದು ತೆರೆದಿತ್ತು. ಪಕ್ಕದಲ್ಲಿ ಮುಖ್ಯಸ್ಥರು ಕೊಡೆಯಿಲ್ಲದೆ ನೆನೆಯುತ್ತ, ಕೈಯಲ್ಲಿ ಬೀಗದ ಕೈ ಹಿಡಿದು ನಿಂತಿದ್ದರು. ಮಣ್ಣಮ್ಮನ ಮುಖ ನೋಡದೆ ಇಸ್ತ್ರಿಯವಳ ಒಂದು ಗಂಟಿಗೆ ಕೈಕೊಟ್ಟರು.

ಗೋಡೆ ಕುಸಿದದ್ದು ಸಂಜೆ ದೀಪ ಹಾಕುವ ಹೊತ್ತಿಗೆ. ನಕ್ಷೆ ಕೋಣೆಯ ನೆಲ ನಡುಗಿತು, ಕಿಟಕಿಗಳು ಗಡಗಡ ಅಂದವು, ಕೂಸು ಬೆಚ್ಚಿ ಅತ್ತಿತು. ಹಿಂದಿನ ಕೋಣೆಗಳು ಒಂದೂ ಉಳಿದಿಲ್ಲವೆಂದು ನೋಡಿ ಬಂದವರು ಹೇಳಿದರು. ಜನರಲ್ಲಿ ಒಬ್ಬರಿಗೂ ಪೆಟ್ಟಾಗಿರಲಿಲ್ಲ.

ಮೊದಲು ಬಾಯಿಬಿಟ್ಟವಳು ಮುದುಕಿ. “ಅವತ್ತೇ ಒಂದು ಮಾತು ಹೇಳಿದ್ರೆ ನಮಗೇನು ತಿಳೀತಿರಲಿಲ್ವಾ ತಾಯಿ?” ದನಿಯಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಮಣ್ಣಮ್ಮ ಅವಳ ಪಕ್ಕ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ಕಟ್ಟು ಹಾಕುವವನು ಮಾತ್ರ ಕೋಣೆಯ ಗೋಡೆಗಳನ್ನೇ ನೋಡುತ್ತ ಸುತ್ತುತ್ತಿದ್ದ. ಕಿಟಕಿಯ ಮೂಲೆಯಿಂದ ಸೂರಿನ ತನಕ ಕೂದಲಿನಂಥ ಒಂದು ಗೆರೆ ಹೋಗಿತ್ತು. ಅವನು ಅಲ್ಲೇ ನಿಂತು ಜೇಬಿನಿಂದ ಬಟ್ಟೆ ಸುತ್ತಿದ ಗಾಜಿನ ಪಟ್ಟಿ ತೆಗೆದ.

“ಸಾರ್, ಇಲ್ಲೂ ಒಂದು ಹಾಕಿಬಿಡ್ಲಾ?” ಎಂದು ಮುಖ್ಯಸ್ಥರನ್ನು ಕೇಳಿದ. “ಈ ಸಲ ಒಡೆದ್ರೆ ಬದಲಾಯಿಸಲ್ಲ. ಬಂದು ಹೇಳ್ತೀನಿ.”

ಮುಖ್ಯಸ್ಥರು ಆ ಗೆರೆಯನ್ನು ದಿಟ್ಟಿಸಿ ನೋಡಿದರು. ಆಮೇಲೆ ಗಾರೆ ಕಲಸಲು ನೀರು ತರಹೋದರು.