ಒಡೆದದ್ದು ಮನೆಗೆ

"ಇವತ್ತೂ ಒಂದು," ಎಂದಳು ಅತ್ತೆ.

ಬುಟ್ಟಿಯಿಂದ ತೆಗೆದ ಮೊಟ್ಟೆಯನ್ನು ಅಡುಗೆಮನೆಯ ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡಿದಳು. ಕೂದಲೆಳೆಯಷ್ಟು ಬಿರುಕು. ಒಂದು ಹನಿಯೂ ಹೊರಗೆ ಬಂದಿರಲಿಲ್ಲ. ಆದರೂ ಬಿರುಕು ಬಿರುಕೇ. ಅಂಗಡಿಯವನು ಇಂಥದನ್ನು ಕೈಯಲ್ಲೂ ಮುಟ್ಟುವುದಿಲ್ಲ.

"ಮೊಟ್ಟೆ ಇಡೋದು ಕೋಳಿ. ನನ್ನ ಯಾಕೆ ಹಾಗೆ ನೋಡ್ತೀಯ?" ಎಂದ ಮೇಸ್ತ್ರಿ, ಹೊಸ್ತಿಲಾಚೆ ಕಾಲು ತೊಳೆಯುತ್ತ.

"ನಾನೆಲ್ಲಿ ನೋಡ್ದೆ? ಲೆಕ್ಕ ಹೇಳ್ದೆ, ಅಷ್ಟೆ."

ಮೇಸ್ತ್ರಿ ಅವಳ ಗಂಡ. ನಲವತ್ತು ವರ್ಷ ಗಾರೆ ಕೆಲಸ ಮಾಡಿ, ಸೊಂಟ ಹಿಡಿದುಕೊಂಡ ಮೇಲೆ ಕರಣೆಯನ್ನು ಗೋಡೆಗೆ ನೇತುಹಾಕಿ, ಹಿತ್ತಲಿನ ಕೋಳಿಗೂಡಿನ ಉಸ್ತುವಾರಿ ವಹಿಸಿಕೊಂಡವನು. ಅವಳನ್ನು ಅತ್ತೆ ಎಂದು ಕರೆಯಬೇಕಾದವಳು ಸೊಸೆ ಒಬ್ಬಳೇ ಆದರೂ, ಮಗನ ಮದುವೆಯಾದ ವರ್ಷದಿಂದ ಬೀದಿಗೆ ಬೀದಿಯೇ ಹಾಗೆ ಕರೆಯುತ್ತಿತ್ತು. ಮಗ ಲಾರಿ ಓಡಿಸುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಬಂದು, ಎರಡು ದಿನ ನಿದ್ದೆ ಮಾಡಿ ಹೋಗುತ್ತಿದ್ದ. ಸೊಸೆ ಈಗ ಆರು ತಿಂಗಳ ಬಸುರಿ.

ಅತ್ತೆ ಬಿರುಕು ಬಿಟ್ಟ ಮೊಟ್ಟೆಯನ್ನು ಬದಿಗಿಟ್ಟು, ಉಳಿದ ಎಂಟನ್ನು ಅಂಗಡಿಯ ಚೀಲಕ್ಕೆ ಸೇರಿಸಿದಳು. ಒಡೆದದ್ದು ಮನೆಗೆ, ಇಡಿಯದು ಅಂಗಡಿಗೆ. ಮನೆಯ ಕಾನೂನು ಅದು. ಮೊಟ್ಟೆಗೆ ಮಾತ್ರವಲ್ಲ, ಬೇಕರಿಯ ಡಬ್ಬಿಯ ತಳಕ್ಕೆ ಬಿದ್ದ ಬಿಸ್ಕತ್ತಿನ ಚೂರು, ಸಂತೆ ಮುಗಿಯುವ ಹೊತ್ತಿಗೆ ಉಳಿದ ಪೆಟ್ಟು ಬಿದ್ದ ಹಣ್ಣು, ಹಿಡಿ ಮುರಿದ ಕಪ್ಪು, ದರ್ಜಿಯ ಅಂಗಡಿಯ ತುಂಡು ಬಟ್ಟೆ ಎಲ್ಲಕ್ಕೂ ಈ ಮನೆಯ ದಾರಿ ಗೊತ್ತಿತ್ತು. ಸವೆದ ಸೋಪಿನ ಬಿಲ್ಲೆಗಳು ಹಳೆಯ ಕಾಲುಚೀಲಕ್ಕೆ ಬೀಳುತ್ತಿದ್ದವು. ಚೀಲ ತುಂಬಿದರೆ ಅದೇ ಹೊಸ ಸೋಪು. ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಅತ್ತೆ ಮೊಳೆಯಿಂದ ಒಂದು ತೂತು ಮಾಡಿದ್ದಳು. ಒಂದು ಮೊಟ್ಟೆಗೆ ಮೂರು ಹನಿ. ನಾಲ್ಕನೆಯ ಹನಿ ಬಿದ್ದದ್ದನ್ನು ಕಂಡವರಿಲ್ಲ. ಆ ಮನೆಯ ಮೇಲೆ ಹಾರುವ ಕಾಗೆ ಬುತ್ತಿ ಕಟ್ಟಿಕೊಂಡೇ ಹಾರುತ್ತದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಮಾತು ಅತ್ತೆಯ ಕಿವಿಗೂ ಬಿದ್ದಿತ್ತು. "ಬುತ್ತಿ ಉಳಿದ್ರೆ ಇಲ್ಲೇ ಬಿಟ್ಟು ಹೋಗ್ಲಿ," ಎಂದಿದ್ದಳು.

ಮೊಟ್ಟೆಯ ದುಡ್ಡು ಹೋಗುತ್ತಿದ್ದುದು ಹಿಟ್ಟಿನ ಡ್ರಮ್ಮಿನ ಹಿಂದಿನ ಒಂದು ತಗಡಿನ ಡಬ್ಬಿಗೆ. ಅದು ಹೆರಿಗೆಯ ಡಬ್ಬಿ. ಮಗನ ಸಂಬಳ ಬರಲಿ ಬಿಡಲಿ, ಆ ಡಬ್ಬಿಗೆ ಯಾರೂ ಕೈ ಹಾಕುವಂತಿರಲಿಲ್ಲ. ಮಗನಿಗಿಂತ ಮೊದಲು ಅತ್ತೆಗೆ ಒಂದು ಹೆಣ್ಣು ಮಗು ಆಗಿತ್ತು. ಅವತ್ತು ಪೇಟೆಯ ಆಸ್ಪತ್ರೆಗೆ ಹೋಗಲು ಗಾಡಿಯವನಿಗೆ ಕೊಡುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಮೇಸ್ತ್ರಿ ನಾಲ್ಕು ಮನೆ ಸುತ್ತಿ ಕೈಗಡ ತರುವಷ್ಟರಲ್ಲಿ ತಡವಾಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಡಬ್ಬಿ ಮಾತ್ರ ಅಂದಿನಿಂದ ಇಂದಿನವರೆಗೆ ಖಾಲಿಯಾಗಿಲ್ಲ.

ಅತ್ತೆ ಬಾಣಲೆ ಇಟ್ಟು, ಮೂರು ಹನಿ ಎಣ್ಣೆ ಬಿಟ್ಟು, ಒಡೆದ ಮೊಟ್ಟೆಯನ್ನು ಹುರಿದು ಸೊಸೆಯ ತಟ್ಟೆಗೆ ಹಾಕಿದಳು. ಹೊಟ್ಟೆಯಲ್ಲಿ ಕೂಸಿರುವವಳು ತಿನ್ನಲಿ ಎಂಬುದರಲ್ಲಿ ಅವಳಿಗೆ ಎರಡು ಮಾತಿರಲಿಲ್ಲ. ಬಾಣಲೆಗೆ ಅಂಟಿದ್ದನ್ನು ರೊಟ್ಟಿಯ ಚೂರಿನಿಂದ ಒರೆಸಿ ತಾನು ಬಾಯಿಗೆ ಹಾಕಿಕೊಂಡಳು. ಅವಳ ಪಾಲಿನ ಮೊಟ್ಟೆ ಎಂದರೆ ಅದು.

ಮೊಟ್ಟೆ ಒಡೆಯುತ್ತಿದ್ದವನು ಮೇಸ್ತ್ರಿಯೇ. ಎರಡು ತಿಂಗಳ ಹಿಂದೆ ಸೊಸೆಯ ಜೊತೆ ಆಸ್ಪತ್ರೆಗೆ ಹೋದಾಗ ನರ್ಸು ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ತುಂಬ ಕಡಿಮೆ ಇದೆ, ಮಾತ್ರೆಯ ಜೊತೆ ದಿನಕ್ಕೊಂದು ಮೊಟ್ಟೆ ತಪ್ಪದೆ ಕೊಡಿ ಎಂದಿದ್ದಳು. ವಾಪಸು ಬರುವ ದಾರಿಯಲ್ಲಿ ಸೊಸೆ ನಿಂತುಬಿಟ್ಟಳು.

"ಮಾವ, ಅತ್ತೆಗೆ ಹೇಳ್ಬೇಡಿ."

"ಯಾಕಮ್ಮ? ಅವಳೇನು ನಿನ್ನ ತಿಂದುಬಿಡ್ತಾಳಾ?"

"ತಿನ್ನಲ್ಲ, ಅದೇ ಕಷ್ಟ. ಈಗಲೇ ಬಿಪಿ ಮಾತ್ರೆನ ಬ್ಲೇಡಲ್ಲಿ ಎರಡು ಮಾಡಿ ಅರ್ಧ ನುಂಗ್ತಾರೆ. ಇದನ್ನ ಹೇಳಿದ್ರೆ ಆ ಅರ್ಧನೂ ಬಿಡ್ತಾರೆ. ಡಬ್ಬಿಗೆ ಕಮ್ಮಿಯಾಗೋಕೆ ಬಿಡಲ್ಲ, ನಿಮಗೆ ಗೊತ್ತಲ್ಲ."

ಮೇಸ್ತ್ರಿಗೆ ಗೊತ್ತಿತ್ತು. ಆದ್ದರಿಂದ ಮಾರನೆಯ ಬೆಳಿಗ್ಗೆ ಗೂಡಿನಿಂದ ಮೊಟ್ಟೆ ತರುವಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತ. ಇಟ್ಟಿಗೆಯನ್ನು ಕರಣೆಯ ಅಂಚಿನಿಂದ ಒಂದೇ ಪೆಟ್ಟಿಗೆ ಬೇಕಾದಲ್ಲಿ ತುಂಡರಿಸುತ್ತಿದ್ದ ಕೈ ಅದು. ಮೊಟ್ಟೆಯನ್ನು ಕಲ್ಲಿನ ಅಂಚಿಗೆ ಟಕ್ಕೆಂದು ತಾಗಿಸಿದ. ಸಿಪ್ಪೆ ಬಿರಿಯಿತು, ಒಳಗಿನದು ಅಲುಗಲಿಲ್ಲ. ಅಂಥ ನಾಜೂಕಿನ ಕೆಲಸ ಮಾಡಿ ಎಷ್ಟು ದಿನವಾಗಿತ್ತೋ. ಅವನಿಗೆ ಒಳಗೊಳಗೇ ಖುಷಿಯಾಯಿತು.

ಮೊದಲ ವಾರ ಅತ್ತೆ ಏನೂ ಅನ್ನಲಿಲ್ಲ. ಎರಡನೆಯ ವಾರ, ಸಿಪ್ಪೆ ಶಕ್ತಿ ಕಳೆದುಕೊಂಡಿದೆ ಎಂದು ತೀರ್ಮಾನಿಸಿದಳು. ಇದ್ದಬದ್ದ ಮೊಟ್ಟೆಯ ಚಿಪ್ಪುಗಳನ್ನು ಒಂದು ತಗಡಿನ ತಟ್ಟೆಯಲ್ಲಿ ಕೂಡಿಟ್ಟು, ಒಣಗಿಸಿ, ಕುಟ್ಟಿ ಪುಡಿ ಮಾಡಿ ಕೋಳಿಗಳ ಕಾಳಿಗೆ ಬೆರೆಸತೊಡಗಿದಳು. ಖರ್ಚಿಲ್ಲದ ಔಷಧ. ಕೋಳಿಗಳಿಗೆ ಒಗ್ಗಿತು ಕೂಡ. ತಿಂಗಳಾಗುವಷ್ಟರಲ್ಲಿ ಸಿಪ್ಪೆ ಎಷ್ಟು ಗಟ್ಟಿಯಾಯಿತೆಂದರೆ, ಹಳೆಯ ಅಳತೆಯ ಪೆಟ್ಟಿಗೆ ಮೊಟ್ಟೆ ಜಗ್ಗಲಿಲ್ಲ. ಮೇಸ್ತ್ರಿ ಸ್ವಲ್ಪ ಜೋರಾಗಿ ಹೊಡೆದ. ಮೊಟ್ಟೆ ಅಂಗೈಯಲ್ಲೇ ಪಚ್ಚೆಂದು ಹೋಗಿ ಅಂಗಿಯ ಮೇಲೆಲ್ಲ ಸುರಿಯಿತು.

ಬಟ್ಟೆ ಹರವುತ್ತಿದ್ದ ಸೊಸೆ ಅದನ್ನು ನೋಡಿಬಿಟ್ಟಳು.

"ಮಾವ! ದಿನಾ ನೀವೇ ಒಡೀತಿದ್ರಾ?"

"ನಾನಲ್ಲಮ್ಮ, ಕಲ್ಲು."

"ಬೇಡ ಮಾವ. ಆ ಡಬ್ಬಿ ದುಡ್ಡು ನನಗೇ ತಾನೇ."

"ಮೊಟ್ಟೆನೂ ನಿನಗೇ ತಾನೇ. ಸುಮ್ನೆ ನೀರು ಹಾಕು, ಅಂಗಿ ತೊಳ್ಕೋಬೇಕು. ಅವಳು ಬಂದ್ರೆ ಇದನ್ನೂ ಕೆರೆದು ಬಾಣಲೆಗೆ ಹಾಕ್ತಾಳೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರೂ ಬಂತು.

ಔಷಧದಿಂದಲೂ ಬಿರುಕು ನಿಲ್ಲದಿದ್ದಾಗ ಅತ್ತೆಯ ಅನುಮಾನ ಬುಟ್ಟಿಯ ಮೇಲೆ ಹೋಯಿತು. ತಳಕ್ಕೆ ಹುಲ್ಲು ಹಾಸಿ, ಅದರ ಮೇಲೆ ಮಗನ ಹಳೆಯ ಬನಿಯನ್ ಮಡಚಿಟ್ಟಳು. ಆಮೇಲೂ ದಿನಕ್ಕೊಂದು ತಪ್ಪಲಿಲ್ಲ. ಕೊನೆಗೆ ಉಳಿದದ್ದು ಬುಟ್ಟಿ ಹಿಡಿಯುವ ಕೈ.

"ನಿಮ್ಮ ಕೈ ನಡುಗ್ತಿದೆ," ಎಂದಳು ಒಂದು ಬೆಳಿಗ್ಗೆ. "ವಯಸ್ಸಾಯ್ತು, ಅದಕ್ಕೇನು ಮಾಡೋದು. ನಾಳೆಯಿಂದ ನಾನೇ ತರ್ತೀನಿ."

"ನನ್ನ ಕೈ ನಡುಗುತ್ತಾ?" ಮೇಸ್ತ್ರಿಗೆ ನಿಜವಾಗಿಯೂ ಅವಮಾನವಾಯಿತು. ಎರಡೂ ಕೈಗಳನ್ನು ಅವಳ ಮುಂದೆ ಚಾಚಿ ಹಿಡಿದ. ಅವು ಕಲ್ಲಿನಂತೆ ನಿಂತಿದ್ದವು. ಆಮೇಲೆ ಏನೋ ಹೊಳೆದು ಮೆಲ್ಲಗೆ ಒಂದನ್ನು ನಡುಗಿಸಿದ. ಅತ್ತೆ ಆಗಲೇ ತಿರುಗಿ ಹೋಗಿದ್ದಳು.

ಅತ್ತೆ ಬುಟ್ಟಿ ಹಿಡಿದ ಮೇಲೆ ಒಂದೇ ಒಂದು ಮೊಟ್ಟೆಯೂ ಒಡೆಯಲಿಲ್ಲ. ದಿನಕ್ಕೆ ಒಂಬತ್ತಕ್ಕೆ ಒಂಬತ್ತೂ ಅಂಗಡಿಗೆ ಹೋದವು. ಡಬ್ಬಿ ತುಸು ಭಾರವಾಯಿತು, ಅತ್ತೆಯ ಮನಸ್ಸು ಹಗುರವಾಯಿತು. ಸೊಸೆ ರೊಟ್ಟಿಗೆ ಉಪ್ಪು ಹಚ್ಚಿಕೊಂಡು ತಿಂದಳು. ಎಂಟನೆಯ ದಿನ ಒದ್ದೆ ಬಟ್ಟೆಯ ಬಕೆಟ್ಟು ಎತ್ತಲು ಹೋಗಿ ಒಗೆಯುವ ಕಲ್ಲಿನ ಮೇಲೇ ಕುಸಿದು ಕುಳಿತಳು. ಅತ್ತೆ ಓಡಿ ಬಂದು ಸಕ್ಕರೆ ನೀರು ಕುಡಿಸಿದಳು. ಸಕ್ಕರೆಯನ್ನು ಅಳೆಯಲಿಲ್ಲ.

ನರ್ಸು ಮನೆ ಮನೆ ಸುತ್ತುತ್ತ ಬಂದದ್ದು ಅದರ ಮಾರನೆಯ ದಿನ. ಜಗಲಿಯ ಮೇಲೆ ಕೂತು ಸೊಸೆಯ ಕಣ್ಣು, ಉಗುರು, ನಾಲಿಗೆ ನೋಡಿದಳು.

"ಬಿಳಿಚಿದೆ ಇನ್ನೂ. ಮಾತ್ರೆ ತಗೋತಿದ್ದೀಯಾ?"

"ಹೂಂ."

"ಮೊಟ್ಟೆ?"

ಸೊಸೆ ಅತ್ತೆಯ ಮುಖ ನೋಡಲಿಲ್ಲ. "ತಿಂತೀನಿ," ಎಂದಳು.

"ದಿನಾ?"

ಸೊಸೆ ಸೆರಗಿನ ಅಂಚು ಸುರುಳಿ ಸುತ್ತತೊಡಗಿದಳು. ನರ್ಸು ಅತ್ತೆಯ ಕಡೆ ತಿರುಗಿದಳು. "ನೋಡಿ ಅಮ್ಮ, ಎರಡು ತಿಂಗಳ ಹಿಂದೇನೇ ಹೇಳಿದ್ದೆ. ದಿನಕ್ಕೊಂದು ಮೊಟ್ಟೆ, ತಪ್ಪೋ ಹಾಗಿಲ್ಲ ಅಂತ. ಯಜಮಾನರು ಜೊತೇಲೇ ಇದ್ರಲ್ಲ, ಅವರು ಹೇಳ್ಲಿಲ್ವಾ? ಹೆರಿಗೆ ಹೊತ್ತಿಗೆ ಮೈಯಲ್ಲಿ ರಕ್ತ ಇಲ್ದಿದ್ರೆ ಎಷ್ಟು ದುಡ್ಡಿದ್ರೂ ನಾವೇನು ಮಾಡೋಕಾಗುತ್ತೆ?"

"ಹೇಳಿದ್ರು," ಎಂದಳು ಅತ್ತೆ. "ನಂಗೇ ಮರೆತಿತ್ತು."

ನರ್ಸು ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದು ಚಿಪ್ಪಿನ ತಟ್ಟೆಯನ್ನು ಇಳಿಸಿಕೊಂಡಳು. ಬುಟ್ಟಿ ತನ್ನ ಕೈಗೆ ಬಂದ ಮೇಲೆ ಅವಳು ಕುಟ್ಟುವುದನ್ನು ನಿಲ್ಲಿಸಿದ್ದರಿಂದ ಕೊನೆಯ ಹನ್ನೊಂದು ಚಿಪ್ಪು ಹಾಗೇ ಉಳಿದಿದ್ದವು. ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಇಟ್ಟಳು. ಹನ್ನೊಂದರಲ್ಲೂ ಪೆಟ್ಟು ಒಂದೇ ಕಡೆ, ದಪ್ಪ ತುದಿಯಿಂದ ಒಂದು ಬೆರಳು ಕೆಳಗೆ. ಕೋಳಿ ತುಳಿದರೆ ಹೀಗೆ ಒಡೆಯುವುದಿಲ್ಲ, ಬುಟ್ಟಿ ಕುಲುಕಿದರೂ ಒಡೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಗಂಡನ ಜೊತೆ ಇಟ್ಟಿಗೆ ಹೊತ್ತವಳು. ಅವನ ಕೈಯಿಂದ ತುಂಡಾದ ಇಟ್ಟಿಗೆಯನ್ನು ನೂರು ಇಟ್ಟಿಗೆಗಳ ನಡುವೆ ಇಟ್ಟರೂ ಗುರುತು ಹಿಡಿಯುತ್ತಿದ್ದಳು.

ಮೊದಲು ಅವಳಿಗೆ ಸಿಟ್ಟು ಬಂತು. ಎರಡು ತಿಂಗಳು ತನ್ನನ್ನು ಪೆದ್ದಿ ಮಾಡಿದರಲ್ಲ, ಕೋಳಿಗಳಿಗೆ ಔಷಧ ಕುಟ್ಟಿ ಕುಟ್ಟಿ ರಟ್ಟೆ ನೋಯಿಸಿಕೊಂಡೆನಲ್ಲ ಎಂದು. ಆಮೇಲೆ ನಾಚಿಕೆಯಾಯಿತು. ಸ್ವಂತ ಮನೆಯಲ್ಲಿ ಒಂದು ಮೊಟ್ಟೆಗೋಸ್ಕರ ಗಂಡನೂ ಸೊಸೆಯೂ ಕಳ್ಳರ ಹಾಗೆ ಇರಬೇಕಾಯಿತು. ಅದು ಸಿಟ್ಟಿಗಿಂತ ಹೆಚ್ಚು ಹೊತ್ತು ಉಳಿಯಿತು.

ಅವಳು ಎದ್ದು ಬಾಣಲೆಯನ್ನು ಒಲೆಯ ಮೇಲಿಟ್ಟಳು. ಅಂಗಡಿಯ ಚೀಲದಿಂದ ಒಂದು ಮೊಟ್ಟೆ ತೆಗೆದಳು. ಇಡೀ ಮೊಟ್ಟೆ, ಬಿರುಕಿಲ್ಲದ್ದು, ಕೈಗೆ ಭಾರವಾಗಿ ಕೂತಿತ್ತು. ಬಾಣಲೆಯ ಅಂಚಿನ ಮೇಲೆ ಎತ್ತಿ ಹಿಡಿದಳು. ಕೈ ಕೆಳಗಿಳಿಯಲಿಲ್ಲ. ಮತ್ತೊಮ್ಮೆ ಎತ್ತಿದಳು. ಮೂವತ್ತು ವರ್ಷ ಒಂದು ಮೊಟ್ಟೆಯನ್ನೂ ಒಡೆಯದಂತೆ ಕಾಪಾಡಿದ ಕೈ ಅದು. ಈಗ ತನ್ನ ಯಜಮಾನಿಯ ಮಾತನ್ನೇ ಕೇಳಲಿಲ್ಲ. ಬಾಣಲೆ ಕಾದು ಹೊಗೆಯಾಡಿತು. ಅವಳು ಒಲೆ ಆರಿಸಿ, ಮೊಟ್ಟೆಯನ್ನು ವಾಪಸು ಚೀಲದಲ್ಲಿಟ್ಟು, ಗ್ಯಾಸು ದಂಡವಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಸಂಜೆ ಮೇಸ್ತ್ರಿ ಕೋಳಿಗಳನ್ನು ಗೂಡಿಗೆ ಕೂಡಿ ಬಂದಾಗ ಬುಟ್ಟಿ ಅವನ ಚಪ್ಪಲಿಯ ಪಕ್ಕದಲ್ಲಿತ್ತು.

"ಇದ್ಯಾಕೆ ಇಲ್ಲಿದೆ?"

"ನಾಳೆಯಿಂದ ನೀವೇ ತನ್ನಿ. ಬಗ್ಗಿ ಬಗ್ಗಿ ನನ್ನ ಮಂಡಿ ಹೋಯ್ತು."

ಮೇಸ್ತ್ರಿ ಅವಳ ಮುಖ ನೋಡಿದ. ಅವಳು ಅವನ ಅಂಗಿಯ ಕಾಲರನ್ನು ಬಿಚ್ಚಿ, ಸವೆದ ಬದಿ ಒಳಗೆ ಹೋಗುವಂತೆ ತಿರುಗಿಸಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ತಂದ್ರೆ ಒಡೀತದೆ," ಎಂದ. "ಕೈ ನಡುಗುತ್ತೆ ಅಂತ ನೀನೇ ಅಂದ್ಯಲ್ಲ."

"ಒಡೆದ್ರೆ ಏನು ಮಾಡೋದು. ಮನೆಗಾಗುತ್ತೆ." ದಾರವನ್ನು ಹಲ್ಲಿನಿಂದ ಕಡಿದು, ಉಳಿದ ಗೇಣುದ್ದವನ್ನು ಬೆರಳಿಗೆ ಸುತ್ತಿ ಸೂಜಿದಾರದ ಡಬ್ಬಿಗೆ ಹಾಕಿದಳು. "ದಿನಾ ಒಡೆದ್ರೂ ನಾನೇನೂ ಕೇಳಲ್ಲ."

ಅಷ್ಟರಲ್ಲಿ ಒಳಗಿನಿಂದ ಸೊಸೆ ಊಟಕ್ಕೆ ಕರೆದಳು. ಮೇಸ್ತ್ರಿ ಬುಟ್ಟಿಯನ್ನೆತ್ತಿ, ಒಳಗಿನ ಬನಿಯನ್ನನ್ನೂ ಹುಲ್ಲನ್ನೂ ಸರಿ ಮಾಡಿ, ಕರಣೆ ತೂಗುತ್ತಿದ್ದ ಮೊಳೆಗೇ ಅದನ್ನೂ ತಗುಲಿಸಿದ.

ಬೆಳಿಗ್ಗೆ ಅತ್ತೆ ಎಂದಿಗಿಂತ ಮೊದಲೇ ಅಡುಗೆಮನೆಯಲ್ಲಿದ್ದಳು. ಹಿತ್ತಲಲ್ಲಿ ಗೂಡಿನ ಬಾಗಿಲು ಕಿರ್ರೆಂದಿತು, ಕೋಳಿಗಳು ರೆಕ್ಕೆ ಬಡಿದು ಹೊರಗೆ ಬಂದವು. ಸೊಸೆ ಗೋಡೆಗೊರಗಿ ಕೂತು ಹಿಟ್ಟು ನಾದುತ್ತಿದ್ದಳು. ಬುಟ್ಟಿ ಇನ್ನೂ ಒಳಗೆ ಬಂದಿರಲಿಲ್ಲ. ಆದರೂ ಅತ್ತೆ ಒಲೆ ಹಚ್ಚಿ, ಬಾಣಲೆ ಇಟ್ಟು, ಬಾಟಲಿ ಬಗ್ಗಿಸಿದಳು. ಒಂದು, ಎರಡು, ಮೂರು.

ಸೊಸೆಯ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ಬಾಣಲೆಯನ್ನೂ, ಅತ್ತೆಯ ಬೆನ್ನನ್ನೂ ನೋಡಿದಳು.

ಕಾಲ ಸಪ್ಪಳ ಒಗೆಯುವ ಕಲ್ಲಿನವರೆಗೆ ಬಂದು ನಿಂತಿತು. ಟಕ್.

ಅತ್ತೆ ಬಾಟಲಿಯ ಬಾಯಿ ಒರೆಸಿ ಗೋಡೆಯ ಗೂಡಿನಲ್ಲಿಡಲು ಹೋದಳು. ಕಾಲ ಸಪ್ಪಳ ಮುಂದೆ ಬರಲಿಲ್ಲ.

ಮತ್ತೆ ಟಕ್ ಎಂದಿತು.

"ಎರಡು," ಎಂದಳು ಸೊಸೆ, ತನಗೇ ಗೊತ್ತಿಲ್ಲದಂತೆ.

"ಮುದುಕನಿಗೆ ಲೆಕ್ಕನೇ ಇಲ್ಲ," ಎಂದಳು ಅತ್ತೆ. ಬಾಟಲಿ ಕೈಯಲ್ಲೇ ಇತ್ತು. ಆಮೇಲೆ ಬಾಣಲೆಯ ಮೇಲೆ ಅದನ್ನು ಮತ್ತೆ ಬಗ್ಗಿಸಿ, ಇನ್ನೂ ಮೂರು ಹನಿ ಬೀಳುವ ತನಕ ಹಿಡಿದಳು.